ಲಕ್ಷ್ಮಿಯ ಮನೆಯಲ್ಲಿ ಲೆಕ್ಕದ ಪುಸ್ತಕವಿಲ್ಲ

ಸಂಜೆ ಆರೂವರೆಗೆ ನಮ್ಮ ಮನೆಯಲ್ಲಿ ಟಿವಿ ಹಚ್ಚುತ್ತಾರೆ. ಮನೆ ಇರುವುದು ಮಾಣಿಯ ಪೇಟೆಯಿಂದ ಸ್ವಲ್ಪ ಒಳಗೆ. ಬೆಂಗಳೂರಿನ ದಾರಿ ಒಂದು ಕಡೆಗೆ, ಪುತ್ತೂರು-ಮಡಿಕೇರಿಯ ದಾರಿ ಇನ್ನೊಂದು ಕಡೆಗೆ ಕವಲೊಡೆಯುವ ಜಾಗ ಅದು. ಬಸ್ಸಿನಲ್ಲಿ ಹೋಗುವವರಿಗೆ ಮಾಣಿ ಎಂದರೆ ಅಷ್ಟೇ, ಒಂದು ಕವಲು. ಅಮ್ಮ ಗೋಡೆಗೆ ಒರಗಿ ಕಾಲು ಚಾಚಿ, ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಕೂರುತ್ತಾಳೆ. ತಡ್ಪೆಯ ಒಂದು ಬದಿಯಲ್ಲಿ ಕತ್ತರಿಸಿದ ಎಲೆ, ಇನ್ನೊಂದು ಬದಿಯಲ್ಲಿ ಹೊಗೆಸೊಪ್ಪಿನ ಹುಡಿ, ನಡುವೆ ನೂಲಿನ ಉಂಡೆ. ಕಣ್ಣು ಟಿವಿಯ ಮೇಲೆ, ಕೈ ಬೀಡಿಯ ಮೇಲೆ. ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳ ಸಾವಿರಾರು ಮನೆಗಳಲ್ಲಿ ಧಾರಾವಾಹಿ ನೋಡುವ ಭಂಗಿಯೇ ಇದು. ಇಲ್ಲಿ ಯಾರೂ ಸುಮ್ಮನೆ ಕೂತು ಟಿವಿ ನೋಡುವುದಿಲ್ಲ.

ಕಳೆದ ಮಳೆಗಾಲದಲ್ಲಿ ಊರಿಗೆ ಬಂದಿದ್ದೆ. ಫೆಲೋಶಿಪ್ ಹಣ ಏಳು ತಿಂಗಳಿಂದ ಬಂದಿರಲಿಲ್ಲ. ಹಾಸ್ಟೆಲಿನ ಮೆಸ್ ಬಿಲ್ಲಿನಿಂದ ತಪ್ಪಿಸಿಕೊಳ್ಳಲು ‘ಕ್ಷೇತ್ರಕಾರ್ಯ’ ಎಂದು ಮಾರ್ಗದರ್ಶಕರಿಗೆ ಹೇಳಿ ಬಂದಿದ್ದೆ. ಟಿವಿಯಲ್ಲಿ ಯಾವುದೋ ಧಾರಾವಾಹಿಯ ನಾಯಕಿ, ಬಡ ಮನೆಯ ಮಗಳು, ನಡುಮನೆಯಲ್ಲಿ ನಿಂತು ಅಳುತ್ತಿದ್ದಳು. ನಾಲ್ಕು ಟ್ಯೂಬ್‌ಲೈಟು, ಎರಡು ಫ್ಯಾನು. ಅಮ್ಮ ನೂಲನ್ನು ಬೆರಳಿಗೆ ಸುತ್ತುತ್ತಾ ತುಳುವಿನಲ್ಲಿ ಕೇಳಿದಳು: “ಅಲ್ಲ, ಇವರಿಗೆ ಕರೆಂಟು ಬಿಲ್ಲು ಬರುವುದೇ ಇಲ್ವಾ?”

ನಾನು ನಕ್ಕೆ. ಆಮೇಲೆ ನಗಲಾಗಲಿಲ್ಲ. ನಾಲ್ಕು ವರ್ಷದಿಂದ ಕನ್ನಡದ ಕುಟುಂಬ ಕಥನಗಳ ಬಗ್ಗೆ ಸಂಶೋಧನೆ ಮಾಡುತ್ತಿರುವ ನಾನು ಒಮ್ಮೆಯೂ ಕೇಳದ ಪ್ರಶ್ನೆಯನ್ನು ಅಮ್ಮ ಕೇಳಿಬಿಟ್ಟಿದ್ದಳು.

ನನ್ನ ತಕರಾರು ಇಷ್ಟೇ. ಕನ್ನಡದ ಖಾಸಗಿ ವಾಹಿನಿಗಳು ಇಪ್ಪತ್ತೈದು ವರ್ಷಗಳಿಂದ ದಿನವೂ ಸಂಜೆಯಿಂದ ರಾತ್ರಿಯವರೆಗೆ ‘ಮನೆ’ಯನ್ನು ತೋರಿಸುತ್ತಿವೆ. ಹೊಲ, ಕಚೇರಿ, ಬಸ್ಸು, ಶಾಲೆ ಎಲ್ಲವನ್ನೂ ಬಿಟ್ಟು ಮನೆಯೊಂದನ್ನೇ ಹಿಡಿದು ಕೂತಿವೆ. ಆದರೆ ಆ ಮನೆಯಿಂದ ಒಂದು ವಸ್ತುವನ್ನು ಮಾತ್ರ ಜಾಣತನದಿಂದ ಹೊರಗೆ ಸಾಗಿಸಿವೆ. ಅದು ಲೆಕ್ಕದ ಪುಸ್ತಕ. ಅತ್ತೆ ಇದ್ದಾಳೆ, ನಾದಿನಿ ಇದ್ದಾಳೆ, ತಾಳಿ ಇದೆ, ದೇವರಮನೆ ಇದೆ. ತಿಂಗಳ ಇಪ್ಪತ್ತೈದನೇ ತಾರೀಕು ಇಲ್ಲ.

ಹೆಸರುಗಳನ್ನೇ ನೋಡಿ. ‘ಲಕ್ಷ್ಮೀ ಬಾರಮ್ಮ’, ‘ಭಾಗ್ಯಲಕ್ಷ್ಮಿ’, ‘ಲಕ್ಷ್ಮೀ ನಿವಾಸ’. ಲಕ್ಷ್ಮಿ ಹಣದ ದೇವತೆ. ಅವಳ ಹೆಸರಿಟ್ಟುಕೊಂಡ ಕಥೆಗಳಲ್ಲಿ ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬ ಮಾತೇ ಇರುವುದಿಲ್ಲ. ಸರಕಾರವೂ 2023ರ ಆಗಸ್ಟ್‌ನಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಯೋಜನೆ ಶುರು ಮಾಡಿದಾಗ ಅದಕ್ಕೆ ‘ಗೃಹಲಕ್ಷ್ಮಿ’ ಎಂದೇ ಹೆಸರಿಟ್ಟಿತು. ವ್ಯತ್ಯಾಸ ಒಂದೇ. ಸರಕಾರದ ಲಕ್ಷ್ಮಿಗೆ ಬ್ಯಾಂಕ್ ಖಾತೆ ಇದೆ. ಹಣ ಬಂತೇ ಇಲ್ಲವೇ ಎಂದು ಅವಳು ನೆರೆಮನೆಯವಳ ಹತ್ತಿರ ವಿಚಾರಿಸುತ್ತಾಳೆ, ಬಂದರೆ ಗ್ಯಾಸಿಗೆ, ಮಗುವಿನ ಟ್ಯೂಷನ್ನಿಗೆ ಹಂಚುತ್ತಾಳೆ. ಟಿವಿಯ ಲಕ್ಷ್ಮಿಗೆ ಇಂಥ ಒಂದು ಸಂಜೆಯೂ ಸಿಕ್ಕಿಲ್ಲ.

‘ಬಡತನ ತೋರಿಸುತ್ತಾರಲ್ಲ’ ಎನ್ನಬಹುದು. ತೋರಿಸುತ್ತಾರೆ. ಆದರೆ ಬಡತನದಿಂದ ಹೊರಬರಲು ನಮ್ಮ ಧಾರಾವಾಹಿಗಳಲ್ಲಿ ಇರುವುದು ಮೂರೇ ಬಾಗಿಲು. ಮೊದಲನೆಯದು ಸಿರಿವಂತನ ಜೊತೆ ಮದುವೆ. ಎರಡನೆಯದು ಜನ್ಮರಹಸ್ಯ, ಬಡವರ ಮನೆಯಲ್ಲಿ ಬೆಳೆದವಳು ನಿಜಕ್ಕೂ ದೊಡ್ಡ ಮನೆಯ ಮಗಳೇ ಆಗಿರುತ್ತಾಳೆ. ಮೂರನೆಯದು ಖಳನಾಯಕಿಯ ಸೋಲು, ಏಕೆಂದರೆ ಮನೆಗೆ ಬಂದ ಕಷ್ಟವೆಲ್ಲ ಅವಳ ಸಂಚಿನಿಂದಲೇ ಬಂದಿರುತ್ತದೆ. ಕೂಲಿ ಕಡಿಮೆಯಾಗಿ ಕಷ್ಟ ಬಂತು, ಕೆಲಸ ಹೋಗಿ ಕಷ್ಟ ಬಂತು, ಆಸ್ಪತ್ರೆಯ ಬಿಲ್ಲಿನಿಂದ ಕಷ್ಟ ಬಂತು, ಯಾರ ಸಂಚೂ ಇಲ್ಲದೆ ಸುಮ್ಮನೆ ಬಂತು ಎನ್ನುವ ಕಥೆಗೆ ಅಲ್ಲಿ ಬಾಗಿಲಿಲ್ಲ.

2019ರಲ್ಲಿ ಶುರುವಾದ ‘ಜೊತೆ ಜೊತೆಯಲಿ’ಯನ್ನು ನಮ್ಮ ಇಡೀ ವಠಾರ ನೋಡಿದೆ. ಮಧ್ಯಮವರ್ಗದ ಹುಡುಗಿ, ಅವಳಿಗಿಂತ ವಯಸ್ಸಿನಲ್ಲಿ ಎಷ್ಟೋ ಹಿರಿಯನಾದ ಉದ್ಯಮಿ. ಮರಾಠಿಯಿಂದ ಬಂದ ಕಥೆ. ವಯಸ್ಸಿನ ಅಂತರದ ಬಗ್ಗೆ ಎಲ್ಲರೂ ಮಾತಾಡಿದರು, ಆದಾಯದ ಅಂತರದ ಬಗ್ಗೆ ಯಾರೂ ಮಾತಾಡಲಿಲ್ಲ. ಅದು ಅಷ್ಟು ಸಹಜವಾಗಿಹೋಗಿದೆ.

‘ಪುಟ್ಟಕ್ಕನ ಮಕ್ಕಳು’ ಇನ್ನೂ ದೊಡ್ಡ ಉದಾಹರಣೆ. ಅದು ಒಳ್ಳೆಯ ಧಾರಾವಾಹಿಯಾಗಬಹುದಿತ್ತು ಎಂಬ ಸಂಕಟದಿಂದಲೇ ಹೇಳುತ್ತಿದ್ದೇನೆ. ಗಂಡ ಬಿಟ್ಟುಹೋದ ಹೆಂಗಸು ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುತ್ತಾಳೆ. ಉಮಾಶ್ರೀ ಅವರ ಕೈಯಲ್ಲಿ ಸೌಟು ಇದ್ದರೆ ಅದು ನಿಜವಾದ ಸೌಟಿನ ಹಾಗೆ ಕಾಣುತ್ತದೆ. ಎದುರಿಗೆ ಬಡ್ಡಿ ವ್ಯವಹಾರದ ಬಂಗಾರಮ್ಮ, ವಸೂಲಿಗೆ ತಿರುಗುವ ಅವಳ ಮಗ ಕಂಠಿ. ಸಾಲ ಕೊಟ್ಟವಳೂ ಸಾಲ ತೀರಿಸುವವರೂ ಒಂದೇ ಊರಿನಲ್ಲಿ! ಕರ್ನಾಟಕದ ಹಳ್ಳಿಯ ಬದುಕನ್ನು ಇದಕ್ಕಿಂತ ಹತ್ತಿರದಿಂದ ಮುಟ್ಟುವ ಎಳೆ ಬೇರೆ ಯಾವುದಿದೆ? ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ಎಲ್ಲಿಗೆ ಮುಟ್ಟಿತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಧಾರಾವಾಹಿ ಏನು ಮಾಡಿತು? ವಸೂಲಿಗಾರನನ್ನು ಪ್ರೇಮಿ ಮಾಡಿತು, ಬಡ್ಡಿಯವಳನ್ನು ಬೀಗತಿ ಮಾಡಿತು. ಸಾಲದ ಸಂಬಂಧವನ್ನು ನಂಟಸ್ತಿಕೆಯಾಗಿ ಬದಲಿಸಿಬಿಟ್ಟರೆ ಬಡ್ಡಿಯ ಪ್ರಶ್ನೆ ತಾನಾಗಿ ಸಾಯುತ್ತದೆ. ಅತ್ತೆಯ ಹತ್ತಿರ ಯಾರಾದರೂ ಬಡ್ಡಿದರ ಕೇಳುತ್ತಾರೆಯೇ?

2024ರಲ್ಲಿ ಬಂದ ‘ಲಕ್ಷ್ಮೀ ನಿವಾಸ’ ಶುರುವಾಗುವುದೇ ಸ್ವಂತ ಮನೆ ಕಟ್ಟಬೇಕೆಂಬ ಹಿರಿಯ ದಂಪತಿಯ ಆಸೆಯಿಂದ. ಅಮ್ಮ ಆಸೆಯಿಂದಲೇ ನೋಡತೊಡಗಿದ್ದಳು, ಏಕೆಂದರೆ ನಮ್ಮ ಮನೆಯ ಹಿಂದಿನ ಗೋಡೆಗೆ ಇನ್ನೂ ಸಾರಣೆ ಆಗಿಲ್ಲ. ಆದರೆ ಕಥೆ ಬೇಗ ಬೇರೆ ದಾರಿ ಹಿಡಿಯಿತು. ಹೆಂಡತಿಯನ್ನು ಉಸಿರುಗಟ್ಟುವಷ್ಟು ಪ್ರೀತಿಸುವ ಸಿರಿವಂತ ಅಳಿಯನ ಬಂಗಲೆಯೇ ಊರೆಲ್ಲ ಮಾತಾಡುವ ಕಥೆಯಾಯಿತು. ಸಿಮೆಂಟಿನ ದರ, ಮೇಸ್ತ್ರಿಯ ಮುಂಗಡ, ಪಂಚಾಯತಿನ ಪರವಾನಗಿ ಇವುಗಳಲ್ಲಿ ಇರುವ ರೋಚಕತೆ ಆ ಬಂಗಲೆಯಲ್ಲಿ ಇಲ್ಲ ಎಂದು ಮನೆ ಕಟ್ಟಿದ ಯಾರನ್ನಾದರೂ ಕೇಳಿದರೆ ಹೇಳುತ್ತಾರೆ.

ತಮಾಷೆಯೆಂದರೆ, ಹೊರಗೆ ಹಾಕಿದ ಲೆಕ್ಕದ ಪುಸ್ತಕ ಅದೇ ಟಿವಿಯೊಳಗೆ ಇನ್ನೊಂದು ಬಾಗಿಲಿನಿಂದ ಬರುತ್ತದೆ. ಅದು ಜಾಹೀರಾತಿನ ಬಾಗಿಲು. ನಾಯಕಿ ಮಲಗುವಾಗಲೂ ಮೈತುಂಬ ಚಿನ್ನ ಹಾಕಿಕೊಂಡಿರುತ್ತಾಳೆ. ದೃಶ್ಯ ಕಡಿದು ಬ್ರೇಕ್ ಬಂದ ತಕ್ಷಣ ಚಿನ್ನದ ಸಾಲದ ಜಾಹೀರಾತು. ಮಗನ ಕಾಲೇಜು ಶುಲ್ಕಕ್ಕೆ, ಅಂಗಡಿಯ ಬಂಡವಾಳಕ್ಕೆ, ಅಪ್ಪನ ಆಪರೇಷನ್ನಿಗೆ ಒಡವೆ ತನ್ನಿ, ನಿಮಿಷಗಳಲ್ಲಿ ಹಣ ಒಯ್ಯಿರಿ. ನಮ್ಮ ಮನೆಯ ನಿಜವಾದ ಕಥೆಯನ್ನು ಅರ್ಧ ನಿಮಿಷದಲ್ಲಿ ಹೇಳುವುದು ಅದೇ. ನಾನು ಎಂ.ಎ.ಗೆ ಸೇರಿದಾಗ ಅಮ್ಮನ ಎರಡು ಬಳೆ ಸೊಸೈಟಿಯಲ್ಲಿ ಅಡವು ಹೋಗಿದ್ದವು. ಒಂದು ವಾಪಸು ಬಂದಿದೆ. ಸಾಲ ಕೊಡುವವನಿಗೆ ನಮ್ಮ ಮನೆಯ ಒಳಗುಟ್ಟು ಗೊತ್ತಿದೆ, ಕಥೆ ಬರೆಯುವವನಿಗೆ ಗೊತ್ತಿಲ್ಲ ಎಂದರೆ ನಾಚಿಕೆಯಾಗಬೇಕಾದದ್ದು ಯಾರಿಗೆ?

ಇದು ಯಾವಾಗಲೂ ಹೀಗಿರಲಿಲ್ಲ. 1984ರಲ್ಲಿ ದೂರದರ್ಶನದಲ್ಲಿ ‘ಹಮ್ ಲೋಗ್’ ಶುರುವಾದಾಗ ಅದರ ನಡುವೆ ಇದ್ದದ್ದು ಕುಡುಕ ತಂದೆ, ದುಡಿದು ಸೋತ ತಾಯಿ, ಕೆಲಸ ಹುಡುಕುವ ಮಗ. ಕನ್ನಡದಲ್ಲಿ 1998ರಲ್ಲಿ ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ಮಾಡಿದ ‘ಮಾಯಾಮೃಗ’ವನ್ನು ನಾನು ಈಚೆಗೆ ಯೂಟ್ಯೂಬಿನಲ್ಲಿ ನೋಡಿದೆ. ಸಣ್ಣ ಕೋಣೆಗಳು, ಮಾಸಿದ ಗೋಡೆಗಳು, ನೌಕರಿಯ ಚಿಂತೆ. ಎಲ್ಲವೂ ಶ್ರೇಷ್ಠವೆಂದಲ್ಲ, ಅಲ್ಲೂ ಭಾಷಣಗಳಿವೆ. ಆದರೆ ಅಲ್ಲಿಯ ಜನರಿಗೆ ಸಂಬಳ ಇದೆ, ಅದು ಸಾಲುವುದಿಲ್ಲ.

ಎಲ್ಲಕ್ಕಿಂತ ಮಿಗಿಲಾಗಿ ನಂಜಮ್ಮ ಇದ್ದಳು. ಎಸ್.ಎಲ್. ಭೈರಪ್ಪನವರ 1970ರ ಕಾದಂಬರಿ ‘ಗೃಹಭಂಗ’ವನ್ನು ಗಿರೀಶ್ ಕಾಸರವಳ್ಳಿ ಧಾರಾವಾಹಿ ಮಾಡಿದರು. ಭೈರಪ್ಪನವರ ಬೇರೆ ಕಾದಂಬರಿಗಳ ಜೊತೆ ನನಗೆ ನೂರು ಜಗಳಗಳಿವೆ, ಆದರೆ ನಂಜಮ್ಮನ ಮುಂದೆ ತಲೆ ಬಾಗುತ್ತೇನೆ. ಶಾನುಭೋಗನಾದ ಗಂಡನಿಗೆ ಲೆಕ್ಕ ಬರೆಯಲು ಬಾರದು. ಗಂಡನ ಹೆಸರಿನಲ್ಲಿ ಊರಿನ ಕಂದಾಯದ ಲೆಕ್ಕ ಬರೆಯುವವಳು ಇವಳು. ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳ ಹೊಟ್ಟೆ ಹೊರೆಯುವವಳೂ ಇವಳೇ. ಕನ್ನಡದ ಮನೆ ಎಂಬ ಕಥೆಯ ನಡುವೆ ಲೆಕ್ಕದ ಪುಸ್ತಕ ಹಿಡಿದು ಕೂತ ಹೆಂಗಸು! ಎಲೆ ಕತ್ತರಿಸುವ ಅಮ್ಮನನ್ನು ನೋಡುವಾಗಲೆಲ್ಲ ನನಗೆ ಎಲೆ ಹಚ್ಚುವ ನಂಜಮ್ಮ ನೆನಪಾಗುತ್ತಾಳೆ. ಆ ಮನೆ ಮುರಿದದ್ದು ಯಾವ ನಾದಿನಿಯ ಸಂಚಿನಿಂದಲೂ ಅಲ್ಲ. ಬೇಜವಾಬ್ದಾರಿ, ಹಸಿವು, ಪ್ಲೇಗು ಇವುಗಳಿಂದ.

ಇಂಗ್ಲೆಂಡಿನ ಮಾತು ತೆಗೆದರೆ ‘ಅಲ್ಲಿಯದೇ ದೊಡ್ಡದು’ ಎನ್ನುವ ಚಾಳಿ ಎಂದು ಬೈಯಬೇಡಿ. ಹೋಲಿಕೆಗೆ ಬೇಕಾಗಿ ತರುತ್ತಿದ್ದೇನೆ. ಬಿಬಿಸಿಯಲ್ಲಿ 1986ರಿಂದ 1991ರವರೆಗೆ ‘ಬ್ರೆಡ್’ ಎಂಬ ಹಾಸ್ಯ ಧಾರಾವಾಹಿ ಬರುತ್ತಿತ್ತು. ಬರೆದವರು ಕಾರ್ಲಾ ಲೇನ್. ಲಿವರ್‌ಪೂಲಿನ ಬಾಸ್‌ವೆಲ್ ಕುಟುಂಬದ ಕಥೆ. ಮಾರ್ಗರೆಟ್ ಥ್ಯಾಚರ್ ಕಾಲ, ಊರಿನಲ್ಲಿ ಕೆಲಸವಿಲ್ಲ, ಮಕ್ಕಳು ಸರಕಾರಿ ಭತ್ಯೆಯನ್ನೂ ಅಡ್ಡದಾರಿಯ ಸಂಪಾದನೆಯನ್ನೂ ನಂಬಿ ಬದುಕುವವರು. ಊಟದ ಮೇಜಿನ ಮೇಲೆ ಪಿಂಗಾಣಿಯ ಕೋಳಿಯೊಂದು ಇರುತ್ತದೆ. ತಾಯಿ ನೆಲ್ಲಿ ಅದರ ಮುಚ್ಚಳ ತೆಗೆಯುತ್ತಾಳೆ. ಊಟಕ್ಕೆ ಕೂತ ಮಕ್ಕಳು ಒಬ್ಬೊಬ್ಬರಾಗಿ ತಮ್ಮ ಪಾಲಿನ ಹಣ ಅದರೊಳಗೆ ಹಾಕುತ್ತಾರೆ. ಯಾರು ಎಷ್ಟು ಹಾಕಿದರು, ಯಾರು ಕಡಿಮೆ ಹಾಕಿದರು, ಎಲ್ಲರೂ ನೋಡುತ್ತಾರೆ. ಆಮೇಲೆ ಪ್ರಾರ್ಥನೆ, ಆಮೇಲೆ ಊಟ. ಕೋಟಿಗಟ್ಟಲೆ ಜನ ಕೂತು ನಕ್ಕ ಧಾರಾವಾಹಿ ಅದು. ತಾಯಿಯ ಪ್ರೀತಿ, ಅಣ್ಣತಮ್ಮಂದಿರ ಮತ್ಸರ, ಮಗಳ ಗತ್ತು ಎಲ್ಲವೂ ಆ ಕೋಳಿಯ ಸುತ್ತ ನಡೆಯುತ್ತವೆ. ಮನೆ ಎಂದರೆ ಪ್ರೀತಿಯೂ ಹೌದು, ಲೆಕ್ಕವೂ ಹೌದು, ಎರಡೂ ಒಂದೇ ಮೇಜಿನ ಮೇಲೆ.

ಅಲ್ಲಿ ಅದು ಒಂದೇ ಅಲ್ಲ. 1966ರ ನವೆಂಬರಿನಲ್ಲಿ ಕೆನ್ ಲೋಚ್ ನಿರ್ದೇಶಿಸಿದ ‘ಕ್ಯಾಥಿ ಕಮ್ ಹೋಮ್’ ಬಾಡಿಗೆ ಕಟ್ಟಲಾಗದೆ ಬೀದಿಗೆ ಬಿದ್ದ ಎಳೆಯ ತಾಯಿಯ ಕಥೆಯನ್ನು ಮನೆ ಮನೆಗೆ ತಂದಿತು. ಕೆಲವೇ ದಿನಗಳಲ್ಲಿ ಆರಂಭವಾದ ‘ಶೆಲ್ಟರ್’ ಎಂಬ ವಸತಿ ಸಂಸ್ಥೆಗೆ ಆ ನಾಟಕ ಹುಟ್ಟಿಸಿದ ಸಿಟ್ಟು ಬಲವಾಯಿತು. 1982ರಲ್ಲಿ ‘ಬಾಯ್ಸ್ ಫ್ರಮ್ ದ ಬ್ಲ್ಯಾಕ್‌ಸ್ಟಫ್’ ನಿರುದ್ಯೋಗಿಗಳ ಕಥೆ ಹೇಳಿತು. ಹಾಗೆಂದು ಆ ದೇಶವೇನೂ ಸಂತರ ನಾಡಲ್ಲ. 2014ರಲ್ಲಿ ಅಲ್ಲಿಯದೇ ಇನ್ನೊಂದು ವಾಹಿನಿ ‘ಬೆನಿಫಿಟ್ಸ್ ಸ್ಟ್ರೀಟ್’ ಎಂಬ ಹೆಸರಿನಲ್ಲಿ ಬರ್ಮಿಂಗ್‌ಹ್ಯಾಮಿನ ಬಡ ಬೀದಿಯೊಂದನ್ನು ತೋರಿಸಿದಾಗ, ಬಡವರನ್ನು ನಗೆಪಾಟಲು ಮಾಡಿದರು ಎಂದು ದೊಡ್ಡ ಗಲಾಟೆಯೇ ಆಯಿತು. ಅಡುಗೆಮನೆಯ ಲೆಕ್ಕ ತೋರಿಸುವುದು ಬೇರೆ, ಕಿಟಕಿಯಲ್ಲಿ ಇಣುಕುವುದು ಬೇರೆ.

ಇಲ್ಲಿ ನಮ್ಮವರ ಸಿದ್ಧ ಉತ್ತರ: ‘ಬಿಬಿಸಿಗೆ ಜನರ ಲೈಸೆನ್ಸ್ ಶುಲ್ಕ ಬರುತ್ತದೆ, ನಾವು ಜಾಹೀರಾತಿನಿಂದ ಬದುಕಬೇಕು.’ ಹಾಗಾದರೆ 1960ರ ಡಿಸೆಂಬರಿನಲ್ಲಿ ಶುರುವಾಗಿ ಇಂದಿಗೂ ನಡೆಯುತ್ತಿರುವ ‘ಕೊರೊನೇಷನ್ ಸ್ಟ್ರೀಟ್’? ಅದು ಬಂದದ್ದು ಜಾಹೀರಾತಿನಿಂದಲೇ ಬದುಕುವ ಐಟಿವಿಯಲ್ಲಿ. ಕಾರ್ಮಿಕರ ಒಂದು ಬೀದಿ, ಒಂದು ಪಬ್ಬು, ಮೂಲೆಯಲ್ಲೊಂದು ಅಂಗಡಿ. ಆರು ದಶಕ ಕಳೆದರೂ ಜಾಹೀರಾತುದಾರರು ಓಡಿಹೋಗಲಿಲ್ಲ. ಸಾಬೂನು ಮಾರಲು ಬಂಗಲೆಯೇ ಬೇಕೆಂಬ ನಿಯಮವೇನಿಲ್ಲ. ಬಟ್ಟೆ ಒಗೆಯುವವರು ಎಲ್ಲ ಕಡೆಯೂ ಇದ್ದಾರೆ.

ಎರಡನೆಯ ಉತ್ತರ: ‘ದಿನವಿಡೀ ಕಷ್ಟ ಪಟ್ಟವರಿಗೆ ಸಂಜೆಯೂ ಕಷ್ಟವೇ ಯಾಕೆ? ಹೆಂಗಸರು ಕನಸು ಕೇಳುತ್ತಾರೆ.’ ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಅಮ್ಮನಿಗೆ ನಾಯಕಿಯ ಸೀರೆ ನೋಡುವುದು ಇಷ್ಟ. ಅತ್ತೆ-ಸೊಸೆ ಜಗಳ ಇನ್ನೂ ಇಷ್ಟ. ಆ ಜಗಳದಲ್ಲಿ ಸುಳ್ಳಿಲ್ಲ, ಅಡುಗೆಮನೆಯ ಅಧಿಕಾರ ಯಾರದು ಎಂಬ ಪ್ರಶ್ನೆ ಪ್ರತಿ ಮನೆಯದು. ಆದರೆ ಕನಸು ಬೇಕೆನ್ನುವವರು ತಮ್ಮ ಬದುಕು ಪರದೆಯ ಮೇಲೆ ಬರುವುದೇ ಬೇಡ ಎನ್ನುತ್ತಾರೆ ಎಂದು ತೀರ್ಮಾನಿಸಿದವರು ಯಾರು? ‘ಭಾಗ್ಯಲಕ್ಷ್ಮಿ’ಯಲ್ಲಿ ಓದು ಅರ್ಧಕ್ಕೆ ನಿಂತ ಭಾಗ್ಯ ಮಗಳ ಜೊತೆ ಶಾಲೆಗೆ ಹೋಗಿ ಎಸ್ಸೆಸ್ಸೆಲ್ಸಿಗೆ ಓದಿದಾಗ, ಆಮೇಲೆ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕೆ ನಿಂತಾಗ, ನಮ್ಮ ವಠಾರದ ಹೆಂಗಸರು ಬ್ರಾಂಚಿಗೆ ಹೋಗುವ ದಾರಿಯಲ್ಲೂ ಅದೇ ಮಾತಾಡುತ್ತಿದ್ದರು. ದುಡಿಯುವ ಭಾಗ್ಯಳನ್ನು ಅವರು ಕೈಬಿಡಲಿಲ್ಲ. ಕೈಬಿಟ್ಟದ್ದು ಕಥೆ, ಮತ್ತೆ ಮತ್ತೆ ಗಂಡನ ಅಹಂಕಾರದ ಕಡೆಗೆ ತಿರುಗಿದ ಕಥೆ.

ಬೀಡಿ ಕಟ್ಟುವ ಮನೆಯ ಒಂದು ದಿನದಲ್ಲಿ ಎಷ್ಟು ನಾಟಕ ಇದೆ ಗೊತ್ತೇ? ಬ್ರಾಂಚಿನಲ್ಲಿ ಕೊಟ್ಟ ಎಲೆ ಒಳ್ಳೆಯದಲ್ಲದಿದ್ದರೆ ಲೆಕ್ಕದ ಬೀಡಿ ಆಗುವುದಿಲ್ಲ, ಕಡಿಮೆಯಾದ ಎಲೆಗೆ ಕೈಯಿಂದ ಹಣ ಹಾಕಬೇಕು. ಕಟ್ಟಿಕೊಂಡು ಹೋದ ಬೀಡಿಯಲ್ಲಿ ಒಂದಿಷ್ಟು ಸರಿಯಿಲ್ಲವೆಂದು ಬದಿಗೆ ಬೀಳುತ್ತದೆ. ಮಳೆಗಾಲದಲ್ಲಿ ಬೀಡಿ ತಂಡಿ ಹಿಡಿಯದ ಹಾಗೆ ಒಲೆಯ ಹತ್ತಿರ ಇಡಬೇಕು. ಮಗಳ ಮದುವೆಗೆ ಪಿಎಫ್ ತೆಗೆಯಬೇಕೋ ಬೇಡವೋ ಎಂಬ ಜಗಳ ಒಂದು ವರ್ಷ ಎಳೆಯುತ್ತದೆ. ಸಂಘದ ವಾರದ ಕಂತಿಗೆ ನೂರು ರೂಪಾಯಿ ಕಡಿಮೆ ಬಿದ್ದಾಗ ಯಾರ ಮನೆಯ ಬಾಗಿಲು ತಟ್ಟಬೇಕು ಎನ್ನುವುದರಲ್ಲಿ ಹತ್ತು ವರ್ಷದ ಸ್ನೇಹ-ದ್ವೇಷದ ಚರಿತ್ರೆಯೇ ಇರುತ್ತದೆ. 1966ರಲ್ಲೇ ಬೀಡಿ ಕಾರ್ಮಿಕರಿಗಾಗಿ ಪ್ರತ್ಯೇಕ ಕಾನೂನು ಬಂದಿತ್ತು. ಕಾನೂನಿನ ಕಣ್ಣಿಗೆ ಬಿದ್ದ ಈ ಹೆಂಗಸರು ಧಾರಾವಾಹಿಯ ಕಣ್ಣಿಗೆ ಇನ್ನೂ ಬಿದ್ದಿಲ್ಲ. ನಮ್ಮ ಕಡೆಯವರು ಟಿವಿಯಲ್ಲಿ ಬರುವುದೇ ‘ಎಂಥ ಮಾರಾಯ’ ಎಂದು ನಗಿಸುವುದಕ್ಕೆ.

ಈಗ ನಮ್ಮ ಪಾಳಯದ ಮಾತು. ಚಾನೆಲ್ಲುಗಳನ್ನು ಬೈಯುವುದು ಸುಲಭ, ಈ ಪತ್ರಿಕೆಯ ಓದುಗರೆಲ್ಲ ತಲೆದೂಗುತ್ತಾರೆ. ಆದರೆ ಕನ್ನಡ ವಿಭಾಗಗಳಲ್ಲಿ ಕೂತ ನಾವು ಏನು ಮಾಡಿದ್ದೇವೆ? ವಿಚಾರಸಂಕಿರಣವೊಂದರಲ್ಲಿ ನಾನು ಧಾರಾವಾಹಿಗಳ ಬಗ್ಗೆ ಪ್ರಬಂಧ ಓದಿದಾಗ ಅಧ್ಯಕ್ಷತೆ ವಹಿಸಿದ್ದ ಹಿರಿಯರು, ‘ಪಾಪ, ಈಕೆ ಇಷ್ಟೆಲ್ಲ ಸೀರಿಯಲ್ ನೋಡುವ ಶಿಕ್ಷೆ ಅನುಭವಿಸಿದ್ದಾಳೆ’ ಎಂದರು. ಸಭೆ ನಕ್ಕಿತು, ನಾನೂ ನಕ್ಕೆ. ಆ ನಗು ಚಾನೆಲ್ಲುಗಳಿಗೆ ಬೀಳಲಿಲ್ಲ, ಮಾಣಿಯಲ್ಲಿ ತಡ್ಪೆ ಹಿಡಿದು ಕೂತ ಹೆಂಗಸಿಗೆ ಬಿತ್ತು ಎಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಕಾರಂತರ ಚೋಮನ ಸಾಲದ ಬಗ್ಗೆ ನಾವು ಪುಟಗಟ್ಟಲೆ ಬರೆಯುತ್ತೇವೆ. ಅದೇ ನೆಲದಲ್ಲಿ ಇವತ್ತು ಸಾಲ ತೀರಿಸುತ್ತಿರುವವಳು ದಿನಾ ಸಂಜೆ ಏನು ನೋಡುತ್ತಾಳೆ ಎಂಬುದು ನಮಗೆ ಕೀಳು ವಿಷಯ. ಸಿನಿಮಾಕ್ಕೆ ವಿಮರ್ಶೆ ಇದೆ, ನಾಟಕಕ್ಕೆ ಇದೆ. ಲಕ್ಷಾಂತರ ಜನ ದಿನವೂ ನೋಡುವ ಕನ್ನಡ ಕಥನಕ್ಕೆ ಗಂಭೀರ ವಿಮರ್ಶೆ ಎಲ್ಲಿದೆ? ವಿಮರ್ಶೆ ಇಲ್ಲದ ಕಡೆ ಟಿಆರ್‌ಪಿಯೇ ವಿಮರ್ಶಕ. ಆ ಕುರ್ಚಿಯನ್ನು ಖಾಲಿ ಬಿಟ್ಟುಕೊಟ್ಟವರು ನಾವು.

ಇದರ ಬೆಲೆ ಕಟ್ಟುವವರು ಯಾರು ಎಂದೂ ಹೇಳಿಬಿಡುತ್ತೇನೆ. ನನಗೆ ಇಪ್ಪತ್ತೆಂಟು. ಊರಿಗೆ ಹೋದಾಗಲೆಲ್ಲ ನೆಂಟರು ಕೇಳುವುದು, ‘ಓದು ಯಾವಾಗ ಮುಗಿಯುತ್ತದೆ, ಒಳ್ಳೆಯ ಕಡೆ ಸಂಬಂಧ ನೋಡಬಹುದಲ್ಲ?’ ಒಳ್ಳೆಯ ಕಡೆ ಎಂದರೆ ಹಣ ಇರುವ ಕಡೆ. ಇದನ್ನು ಧಾರಾವಾಹಿ ಕಲಿಸಿತು ಎನ್ನುವಷ್ಟು ನಾನು ಮೂರ್ಖಳಲ್ಲ, ಅದು ಟಿವಿಗಿಂತ ಹಳೆಯದು. ಆದರೆ ದಿನಾ ಸಂಜೆ ಮೂರು ಬಾಗಿಲುಗಳನ್ನು ಮಾತ್ರ ತೋರಿಸುತ್ತಾ ಹೋದರೆ, ನಾಲ್ಕನೆಯ ಬಾಗಿಲಿನಿಂದ ಹೊರಟ ಹುಡುಗಿ, ದುಡಿದು, ಓದಿ, ಸಾಲ ತೀರಿಸಿ, ಬಳೆ ಬಿಡಿಸಿಕೊಳ್ಳಲು ಹೊರಟವಳು, ತನ್ನ ಮನೆಯವರ ಕಣ್ಣಿಗೇ ಕಥೆಯಿಲ್ಲದವಳ ಹಾಗೆ ಕಾಣುತ್ತಾಳೆ.

ನಾನು ಕೇಳುವುದು ಕ್ರಾಂತಿಯನ್ನಲ್ಲ. ವಾರಕ್ಕೊಂದು ದೃಶ್ಯ ಸಾಕು. ನಾಯಕಿ ಒಮ್ಮೆ ಕೂತು ಲೆಕ್ಕ ಬರೆಯಲಿ. ಹಾಲಿಗಿಷ್ಟು, ಬಸ್ಸಿಗಿಷ್ಟು, ಅತ್ತೆಯ ಔಷಧಿಗಿಷ್ಟು. ಕೂಡಿಸಿ ನೋಡಿದಾಗ ಸಾಲದೆ ಬರಲಿ. ಸಾಲದಿದ್ದಾಗ ಅವಳು ಯಾವುದನ್ನು ಹೊಡೆದು ಹಾಕುತ್ತಾಳೆ ಎಂದು ಕ್ಯಾಮೆರಾ ಸ್ವಲ್ಪ ಹೊತ್ತು ನೋಡಲಿ. ತನ್ನ ಔಷಧಿಯನ್ನೋ, ಅತ್ತೆಯದನ್ನೋ? ಒಂದು ವಾರದ ಕಥೆ ಅಷ್ಟರಲ್ಲೇ ಇದೆ.

ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ, ಅರ್ಧ ಕನ್ನಡದಲ್ಲಿ, ಅರ್ಧ ತುಳುವಿನಲ್ಲಿ. ಕೇಳಿ ಮುಗಿಸಿ, ಬ್ರಾಂಚಿನ ಪುಸ್ತಕದ ಹಿಂದಿನ ಪುಟದಲ್ಲಿ ಏನೋ ಗೀಚುತ್ತಿದ್ದಳು. “ಅಂಥ ಸೀರಿಯಲ್ ಬಂದರೆ ನೋಡ್ತೀಯಾ?” ಎಂದೆ.

“ನೋಡದೆ ಏನು,” ಎಂದಳು. “ಆದರೆ ಅವಳು ಕೂಡಿಸುವಾಗ ಲೆಕ್ಕ ತಪ್ಪಿದರೆ ನಾನು ಇಲ್ಲಿಂದಲೇ ಬೈತೇನೆ.”